ದಡದ ಬದುಕು, ದಾಖಲೆಯಿಲ್ಲದ ಹಕ್ಕು: ಹಾವೇರಿ ಸೀಮೆಯ ತುಂಗಭದ್ರಾ ತೀರದ ಅಂಬಿಗರು

ಕರ್ನಾಟಕದ ತೀರವಾಸಿ ಸಮುದಾಯಗಳ ಅಧ್ಯಯನವೆಂದೊಡನೆ ವಿದ್ವಾಂಸರ ಗಮನ ಸಹಜವಾಗಿಯೇ ಅರಬ್ಬೀ ಸಮುದ್ರದ ಕಡೆಗೆ ಹೊರಳುತ್ತದೆ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಮೊದಲಾದವರ ಬದುಕು, ಆಚರಣೆ, ಹಾಡುಗಳ ಬಗೆಗೆ ಗಮನಾರ್ಹ ಕೆಲಸ ನಡೆದಿದೆ. ಒಳನಾಡಿನಲ್ಲಿಯೂ ಒಂದು ತೀರವಿದೆಯೆಂಬುದು ಮಾತ್ರ ನಮ್ಮ ಲಕ್ಷ್ಯಕ್ಕೆ ಬಂದಿರುವುದು ಕಡಿಮೆ. ಸಮುದ್ರದ ಅಂಚಿನಿಂದ ಘಟ್ಟವನ್ನೇರಿ, ಮಲೆನಾಡಿನ ಸೆರಗನ್ನು ದಾಟಿ ಬಯಲಿಗೆ ಬಂದರೆ ಹಾವೇರಿ ಜಿಲ್ಲೆ. ಅದರ ಪೂರ್ವದ ಗಡಿಯಾಗಿ ತುಂಗಭದ್ರೆ. ಈ ಹೊಳೆಯ ದಡದಲ್ಲಿ ಹರಿಗೋಲು ನಡೆಸಿ, ಬಲೆ ಬೀಸಿ ಬದುಕು ಕಟ್ಟಿಕೊಂಡ ಅಂಬಿಗರ ನಿತ್ಯಜೀವನವನ್ನೂ, ಕಳೆದ ಒಂದೂವರೆ ಶತಮಾನದಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಆ ಜೀವನಕ್ಕೆ ಒದಗಿದ ಪಲ್ಲಟಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಒಂದು ನಿರ್ದಿಷ್ಟ ಕಾರಣವಿದೆ. ಹೊಲ ಕಳೆದುಕೊಂಡವನಿಗೆ ತೋರಿಸಲು ಸರ್ವೆ ನಂಬರು, ಪಹಣಿ ಇರುತ್ತವೆ. ಹೊಳೆಯನ್ನು ಕಳೆದುಕೊಂಡವನಿಗೆ ಅಂತಹ ಕಾಗದವಿಲ್ಲ. ಅಂಬಿಗನ ಹಕ್ಕು ವಾಡಿಕೆಯಲ್ಲಿತ್ತು, ವಾಡಿಕೆ ಬಾಯಿಮಾತಿನಲ್ಲಿತ್ತು. ಆದುದರಿಂದಲೇ ಅವನ ನಷ್ಟ ಯಾವ ಲೆಕ್ಕಕ್ಕೂ ಬರಲಿಲ್ಲ. ಗಾದೆ, ಹಾಡು, ಐತಿಹ್ಯ, ಹೊಳೆಯ ಮಡುಗಳಿಗಿರುವ ಹೆಸರು ಇವುಗಳನ್ನು ನಾವು ಸಾಹಿತ್ಯಸಾಮಗ್ರಿಯೆಂದು ಸಂಗ್ರಹಿಸುತ್ತ ಬಂದಿದ್ದೇವೆ. ಈ ಸಮುದಾಯದ ಮಟ್ಟಿಗೆ ಅವು ದಸ್ತಾವೇಜುಗಳೂ ಹೌದು.

ಹೊಳೆ ಮತ್ತು ಗಡಿ

ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ತುಂಗಾ, ಭದ್ರಾ ನದಿಗಳು ಒಂದಾಗಿ ಹೊನ್ನಾಳಿ, ಹರಿಹರಗಳನ್ನು ಹಾಯ್ದು ರಾಣೆಬೆನ್ನೂರು ತಾಲೂಕಿನ ಅಂಚಿಗೆ ಬರುತ್ತವೆ. ಮುದೇನೂರಿನ ಬಳಿ ಕುಮುದ್ವತಿ ಸೇರುತ್ತದೆ. ಇನ್ನೂ ಮುಂದೆ, ಹಾವೇರಿ ತಾಲೂಕಿನ ಗಳಗನಾಥದಲ್ಲಿ, ಸಾಗರದ ಕಡೆಯಿಂದ ಬನವಾಸಿಯನ್ನು ಬಳಸಿ ಬರುವ ವರದಾ ಕೂಡಿಕೊಳ್ಳುತ್ತದೆ. ಸಂಗಮದ ದಂಡೆಯ ಮೇಲಿನ ಗಳಗೇಶ್ವರ ದೇವಾಲಯ ಚಾಲುಕ್ಯರ ಕಾಲದ್ದು. ವೆಂಕಟೇಶ ತಿರಕೊ ಕುಲಕರ್ಣಿಯವರು ಕಾದಂಬರಿಕಾರ ಗಳಗನಾಥರೆಂದು ಕನ್ನಡಿಗರಿಗೆ ಪರಿಚಿತರಾದುದು ಇದೇ ಊರಿನ ಹೆಸರಿನಿಂದ. ಬ್ಯಾಡಗಿ ತಾಲೂಕಿಗೆ ತುಂಗಭದ್ರೆಯ ದಡವಿಲ್ಲ. ಆದರೆ ದಡದ ಬದುಕಿಗೂ ಬ್ಯಾಡಗಿಯ ಪೇಟೆಗೂ ಇರುವ ನಂಟನ್ನು ಮುಂದೆ ಕಾಣಬಹುದು.

1956ಕ್ಕೆ ಮುಂಚೆ ಈ ಹೊಳೆ ಮೂರು ಆಡಳಿತಗಳ ನಡುವಿನ ಗೆರೆಯಾಗಿತ್ತು. ರಾಣೆಬೆನ್ನೂರು, ಹಾವೇರಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಎದುರಿನ ಹರಿಹರ ಮೈಸೂರು ಸಂಸ್ಥಾನದ್ದು. ಕೆಳಗಿನ ಹರಪನಹಳ್ಳಿ, ಹಡಗಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯವು; 1953ರಲ್ಲಿ ಮೈಸೂರಿಗೆ ಬಂದವು. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಅದೇ ವರ್ಷ ಹರಪನಹಳ್ಳಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆಚೆ ದಡದ ಹೆಸರು ಇಷ್ಟು ಸಲ ಬದಲಾದರೂ ಈಚೆ ದಡದವನು ಹುಟ್ಟು ಹಾಕಿದ್ದು ಅದೇ ಜಾಗಕ್ಕೆ. ಬೀಗತನ, ಸಂತೆ, ಜಾತ್ರೆ ಇವು ಗಡಿಯನ್ನು ಲೆಕ್ಕಿಸಲಿಲ್ಲ. ಎರಡು ದಡಗಳ ನಡುವಣ ಸಂಬಂಧವನ್ನು ಕಾಯ್ದವನು ಅಂಬಿಗ. ಆಡಳಿತಕ್ಕೆ ಹೊಳೆ ಒಂದು ಕೊನೆ, ಅವನಿಗೆ ಅದು ದಾರಿ.

ಈ ದಾರಿಯ ಮಹತ್ತ್ವ ಎದ್ದು ಕಾಣುತ್ತಿದ್ದುದು ಮೈಲಾರಲಿಂಗನ ಪರಿಷೆಯ ಸಮಯದಲ್ಲಿ. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಸಂದರ್ಭದಲ್ಲಿ ನಡೆಯುವ ಕಾರಣಿಕಕ್ಕೆ ಈ ಕಡೆಯ ಭಕ್ತರು ಹೊಳೆ ದಾಟಿ ಹೋಗಬೇಕು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಮಾಲತೇಶನ ಕಾರಣಿಕ. ಅದಕ್ಕೆ ಆ ಕಡೆಯವರು ಈ ಕಡೆ ಬರಬೇಕು. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯದಲ್ಲಿ ವರ್ಷದ ಮಳೆಬೆಳೆಯ ಸೂಚನೆಯನ್ನು ಹುಡುಕುವ ಒಕ್ಕಲಿಗನಿಗೂ, ಆ ಒಕ್ಕಲಿಗನನ್ನು ದಾಟಿಸುವ ಅಂಬಿಗನಿಗೂ ಅದು ಸುಗ್ಗಿಯೇ.

ಹರಿಗೋಲು ಮತ್ತು ಅದರ ಹಿಂದಿನ ಕೈಗಳು

ತುಂಗಭದ್ರೆಯ ದೋಣಿ ಉದ್ದನೆಯದಲ್ಲ, ದುಂಡನೆಯದು. ಬಿದಿರಿನ ಸೀಳುಗಳಿಂದ ದೊಡ್ಡ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ಈ ಹರಿಗೋಲಿಗೆ ಹಂಪಿಯ ಕಡೆ ಪುಟ್ಟಿಯೆಂಬ ಹೆಸರೂ ಇದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇದನ್ನು ವರ್ಣಿಸಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರಬಲ್ಲ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಸಾಗಿಸಬಲ್ಲ, ನಡೆಸುವಾಗ ಸುತ್ತುತ್ತಲೇ ಸಾಗುವ ಬುಟ್ಟಿದೋಣಿಯೆಂದು ಅವನು ಗುರುತಿಸಿದ್ದು ಇಂದಿಗೂ ಸರಿಹೊಂದುತ್ತದೆ. ಸುತ್ತುವುದು ಅದರ ದೋಷವಲ್ಲ. ಬಂಡೆ, ಸುಳಿಗಳಿಂದ ತುಂಬಿದ, ಆಳ ಒಂದೇ ಸಮನಿಲ್ಲದ ಹೊಳೆಯಲ್ಲಿ ಚಪ್ಪಟೆ ತಳದ ದುಂಡು ದೋಣಿ ಕಲ್ಲಿಗೆ ಬಡಿದರೂ ಒಡೆಯದೆ ಜಾರಿಕೊಳ್ಳುತ್ತದೆ. ಹೆಗಲ ಮೇಲೆ ಹೊತ್ತು ಊರಿಗೆ ಒಯ್ಯಲೂ ಬರುತ್ತದೆ.

ಒಂದು ಹರಿಗೋಲಿನ ಹಿಂದೆ ಹಲವು ಕುಲಗಳ ದುಡಿಮೆಯಿತ್ತು. ಬಿದಿರಿನ ಕೆಲಸ ಬಲ್ಲವರು ಮೇದಾರರು. ತೊಗಲನ್ನು ಹದಗೊಳಿಸುವವರು ಇನ್ನೊಂದು ಕೇರಿಯವರು. ಅಂಬಿಗನದು ನಡೆಸುವ ವಿದ್ಯೆ. ಊರವರನ್ನು ವರ್ಷವಿಡೀ ದಾಟಿಸಿದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಕಾಳು ಪಡೆಯುವ ವಾಡಿಕೆ ಆಯಗಾರ ಪದ್ಧತಿಯ ಸ್ವರೂಪದ್ದೇ. ಹೊರಗಿನವರಿಂದ ಮಾತ್ರ ಕೈಗೆ ಕಾಸು. ಈ ಹೆಣಿಗೆಯಲ್ಲಿ ಮೊದಲು ಸಡಿಲಿದ ಎಳೆ ಬಿದಿರು. ಸ್ವಾತಂತ್ರ್ಯಾನಂತರ ಘಟ್ಟದ ಕಾಡುಗಳ ಬಿದಿರು ಕಾಗದದ ಗಿರಣಿಗಳಿಗೆ ಅತ್ಯಲ್ಪ ದರದಲ್ಲಿ ಹೋಗತೊಡಗಿದಾಗ ಬುಟ್ಟಿ ಹೆಣೆಯುವವರು ಪೇಟೆಯ ಬೆಲೆ ತೆರಬೇಕಾಯಿತು. ಮಾಧವ ಗಾಡ್ಗೀಳರ ಅಧ್ಯಯನಗಳು ಈ ವಿಷಮತೆಯನ್ನು ಮೇದಾರರ ದೃಷ್ಟಿಯಿಂದ ಸ್ಪಷ್ಟಪಡಿಸಿವೆ. ಮೇದಾರನಿಂದ ಅಂಬಿಗನವರೆಗೆ ಅದು ಹೇಗೆ ಸಾಗಿತೆಂಬುದನ್ನು ನಾವು ಸೇರಿಸಿಕೊಂಡು ನೋಡಬೇಕು. ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂತು. ಈಗ ಫೈಬರಿನ ಹರಿಗೋಲುಗಳೂ ಬಂದಿವೆ. ಅವು ಬಾಳಿಕೆಯವು, ನಿಜ; ಆದರೆ ಅವುಗಳನ್ನು ಊರಿನಲ್ಲಿ ಯಾರೂ ಮಾಡಲಾರರು.

ಮಳೆಯ ನಕ್ಷತ್ರಗಳೇ ಅಂಬಿಗನ ಪಂಚಾಂಗ. ಮೃಗಶಿರಾ ಮಳೆಗೆ ನೀರಿನ ಬಣ್ಣ ತಿರುಗುತ್ತದೆ. ಆರಿದ್ರಾ, ಪುನರ್ವಸು, ಪುಷ್ಯಗಳಲ್ಲಿ ಘಟ್ಟದ ನೀರು ಬಂದು ಹೊಳೆ ತುಂಬುತ್ತದೆ. ಮೀನು ಮೊಟ್ಟೆಯಿಡಲು ಪ್ರವಾಹದೆದುರು ಏರುವುದು ಆಗಲೇ. ಮಳೆಗಾಲದ ನಂತರ ನೀರು ತಿಳಿಯಾದಾಗ ಬಲೆಗೆ ಬಿಡುವಿಲ್ಲ. ಬಾಳೆಮೀನು, ಕುಚ್ಚು, ಹಾವುಮೀನುಗಳ ಜೊತೆಗೆ ಈಚಿನ ದಶಕಗಳಲ್ಲಿ ಮೀನುಗಾರಿಕೆ ಇಲಾಖೆಯ ಮರಿಗಳಿಂದ ಬಂದ ಕಾಟ್ಲಾ, ರೋಹುಗಳು ಸಿಗುತ್ತವೆ. ಬೇಸಿಗೆಯಲ್ಲಿ ಹೊಳೆ ತುಂಡು ತುಂಡಾಗಿ ಮಡುಗಳಲ್ಲಿ ಉಳಿಯುತ್ತದೆ. ಆಗ ಗಂಡಸರು ಬಲೆ ಹೊಲೆಯುತ್ತಾರೆ, ಇಲ್ಲವೆ ಕೂಲಿಗೆ ಹೊರಡುತ್ತಾರೆ.

ಮೀನು ಹಿಡಿಯುವವನು ಗಂಡಸು, ಅದನ್ನು ಕಾಳಾಗಿ ಕಾಸಾಗಿ ಮಾಡುವವಳು ಹೆಂಗಸು. ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ಹೋಗುವುದು, ಉಳಿದುದನ್ನು ಉಪ್ಪು ಹಚ್ಚಿ ಒಣಗಿಸುವುದು ಅವಳ ಪಾಲಿನ ಕೆಲಸ. ಹೊಳೆಯ ದುಡಿಮೆ ಸಾಲದಾದಾಗ ಮೊದಲು ಊರು ಬಿಟ್ಟು ಕೂಲಿಗೆ ಹೋದವಳೂ ಅವಳೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ, ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಬೇಕಾಗುವುದು ಹೆಂಗಸರ ಬೆರಳುಗಳು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕರಾವಳಿಯ ಮೀನುಸಾರಿಗೆ ಬಣ್ಣ ಕೊಡುವುದು ಇದೇ ಮೆಣಸಿನಕಾಯಿ. ತನ್ನ ಹೊಳೆಯ ಮೀನನ್ನು ಕಳೆದುಕೊಂಡ ದಡದ ಹೆಂಗಸು, ಕಡಲಿನ ಮೀನಿಗೆ ಹೋಗುವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂಡುವ ಈ ಸ್ಥಿತಿ ನಮ್ಮ ಗ್ರಾಮೀಣ ಅರ್ಥವ್ಯವಸ್ಥೆಯ ಒಂದು ವಿಚಿತ್ರ ಸುತ್ತು. ಖಾರದ ಧೂಳಿನಲ್ಲಿ ದಿನವಿಡೀ ಕೂಡುವ ಕಷ್ಟ ಬೇರೆ.

ಗಂಗೆಯ ಕುಲ, ಚೌಡಯ್ಯನ ನೆಲ

ಈ ಸಮುದಾಯ ತನ್ನನ್ನು ಗಂಗೆಯ ಮಕ್ಕಳೆಂದು ಕರೆದುಕೊಳ್ಳುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಡುವ ಗಂಗೆ–ಗೌರಿಯರ ಸಂವಾದದ ಹಾಡುಗಳನ್ನು ಈ ದೃಷ್ಟಿಯಿಂದ ಪುನಃ ಓದಬೇಕು. ಹಲವು ಪಾಠಗಳಲ್ಲಿ ಗಂಗೆ ಬೆಸ್ತರ ಮನೆಯವಳು. ಮೀನಿನ ವಾಸನೆಯವಳೆಂದು, ಕುಲದಲ್ಲಿ ಕಡಿಮೆಯವಳೆಂದು ಗೌರಿ ಅವಳನ್ನು ಹಳಿಯುತ್ತಾಳೆ. ಗಂಗೆ ಮುನಿದು ನೀರನ್ನೆಲ್ಲ ಅಡಗಿಸುತ್ತಾಳೆ. ಮೈಲಿಗೆ ಕಳೆಯಲು ಹನಿ ನೀರೂ ಸಿಗದೆ ಗೌರಿ ಕೊನೆಗೆ ಗಂಗೆಯ ಮೊರೆಹೋಗಬೇಕಾಗುತ್ತದೆ. ಸವತಿ ಮತ್ಸರದ ಕಥೆಯೆಂದು ಇದನ್ನು ವರ್ಗೀಕರಿಸಿ ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ನನ್ನ ಅಭಿಪ್ರಾಯದಲ್ಲಿ ಇದು ನೀರಿನ ಮೇಲಿನ ಹಕ್ಕಿನ ಕಥೆ. ಶುದ್ಧಿ ಎಂಬುದು ಯಾರನ್ನು ಅಶುದ್ಧರೆನ್ನುತ್ತದೆಯೋ ಅವರ ಕೈಯಲ್ಲಿಯೇ ಅದರ ಕೀಲಿಯಿದೆಯೆಂದು ಹಾಡು ಹೇಳುತ್ತದೆ.

ಇದೇ ದಿಟ್ಟತನವನ್ನು ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನಲ್ಲಿ ಕಾಣುತ್ತೇವೆ. ಬಹುಪಾಲು ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರೆ ಚೌಡಯ್ಯ ತನ್ನ ಕಾಯಕವನ್ನೂ ಹೆಸರನ್ನೂ ಅಂಕಿತವಾಗಿಸಿದ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ಗುತ್ತಲದ ಗುತ್ತರ ಶಾಸನಗಳಿರುವ ಮುಕ್ತೇಶ್ವರ ದೇವಾಲಯದ ಸಮೀಪ, ಹೊಳೆಯ ದಂಡೆಯಲ್ಲಿಯೇ ಅವನ ಸಮಾಧಿಯನ್ನು ಜನ ಗುರುತಿಸುತ್ತಾರೆ. ಚೌಡಯ್ಯನಿಗೆ ದಾನವಾಗಿ ಬಂದ ಪುರವಾದುದರಿಂದ ಊರಿಗೆ ಆ ಹೆಸರೆಂಬುದು ಐತಿಹ್ಯ. ದೇವಾಲಯದ ಶಾಸನಗಳನ್ನು ವಸುಂಧರಾ ಫಿಲಿಯೋಜಾ ವಿವರವಾಗಿ ಅಭ್ಯಸಿಸಿದ್ದಾರೆ. ಐತಿಹ್ಯವನ್ನು ಶಾಸನದ ಅಳತೆಗೋಲಿನಿಂದ ಅಳೆಯುವುದು ನನ್ನ ಉದ್ದೇಶವಲ್ಲ. ಒಬ್ಬ ಅಂಬಿಗ ದಡದ ನೆಲವನ್ನು ದಾನವಾಗಿ ಪಡೆದಿದ್ದನೆಂದು ನೆನೆಯುವ ಸಮುದಾಯ, ನೆಲದ ಮೇಲೆ ತನಗಿಲ್ಲದ ಪತ್ರವನ್ನು ನೆನಪಿನಲ್ಲಿ ಬರೆದುಕೊಂಡಿದೆಯೆಂಬುದು ಇಲ್ಲಿ ಮುಖ್ಯ. ಹಾವೇರಿ ತಾಲೂಕಿನ ನರಸೀಪುರದಲ್ಲಿ ಚೌಡಯ್ಯನ ಹೆಸರಿನ ಗುರುಪೀಠವಿದೆ. ಸರಕಾರ ಜನವರಿಯಲ್ಲಿ ಅವನ ಜಯಂತಿಯನ್ನು ಆಚರಿಸುತ್ತದೆ. ಅಂಬಿಗನ ಹೆಸರಿಗೆ ಮನ್ನಣೆ ದೊರೆತ ದಶಕಗಳೂ ಅಂಬಿಗನ ವೃತ್ತಿ ಅಳಿದ ದಶಕಗಳೂ ಒಂದೇ ಆಗಿರುವುದನ್ನು ಗಮನಿಸದೆ ಇರಲಾಗದು.

ಹೆಸರಿನ ಪ್ರಶ್ನೆ ಇನ್ನೊಂದು ಬಗೆಯಲ್ಲಿಯೂ ಕಾಡುತ್ತದೆ. ಅಂಬಿಗ, ಬೆಸ್ತ, ಕಬ್ಬಲಿಗ, ಗಂಗಾಮತ, ಕೋಲಿ ಎಂದು ಸೀಮೆಗೊಂದು ಹೆಸರು. ಇದೇ ಸೀಮೆಯವರಾದ ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಆಯೋಗ 1975ರಲ್ಲಿ ವರದಿ ಸಲ್ಲಿಸಿ ಹಿಂದುಳಿದ ಜಾತಿಗಳ ಸ್ಥಿತಿಗತಿಯನ್ನು ಮೊದಲ ಬಾರಿಗೆ ವ್ಯಾಪಕವಾಗಿ ಮುಂದಿಟ್ಟಿತು. ಈ ಸಮುದಾಯ ಇಂದು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿದೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು.

ಸೇತುವೆ, ಕಾರ್ಖಾನೆ, ಮರಳು

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆಡುಮಾತಿನಲ್ಲಿ ಇದರ ರೂಪ ಇನ್ನೂ ಒರಟಾದುದು. ಕೃತಘ್ನತೆಗೆ ಉದಾಹರಣೆಯಾಗಿ ಶಾಲೆಯಲ್ಲಿ ಕಲಿಸುವ ಈ ಗಾದೆಯನ್ನು ದಡದಲ್ಲಿ ನಿಂತು ಕೇಳಿದರೆ ಅದು ಸೇತುವೆಯ ಚರಿತ್ರೆಯಂತಿದೆ. ಹರಿಹರದಲ್ಲಿ ಬೆಂಗಳೂರು–ಧಾರವಾಡ ರಸ್ತೆಗಾಗಿ 14 ಕಮಾನುಗಳ ಸೇತುವೆ 1868ರಲ್ಲಿ ಮುಗಿಯಿತು. ಅನಂತರ ಒಂದೊಂದಾಗಿ ಕೆಳಗಣ ಊರುಗಳಿಗೂ ಸೇತುವೆಗಳು ಬಂದವು. ಸೇತುವೆ ಬೇಡವೆಂದು ಯಾರೂ ಹೇಳಲಾರರು, ಅಂಬಿಗನಂತೂ ಹೇಳಿಲ್ಲ. ತುಂಬಿದ ಹೊಳೆಯ ದಡದಲ್ಲಿ ಹೆರಿಗೆಯ ಹೆಂಗಸನ್ನಿಟ್ಟುಕೊಂಡು ನಿಂತ ಸಂಸಾರಗಳ ಸಂಕಟ ಅವನಿಗಿಂತ ಬೇರೆ ಯಾರಿಗೆ ತಿಳಿದಿತ್ತು? ಪ್ರಶ್ನೆ ಬೇರೆಯದು. ಸೇತುವೆಗೆ ಹೊಲ ಬಿಟ್ಟುಕೊಟ್ಟ ರೈತ ಪರಿಹಾರಕ್ಕೆ ಅರ್ಹನಾಗುತ್ತಾನೆ. ಅದೇ ಸೇತುವೆಯಿಂದ ವೃತ್ತಿ ಕಳೆದುಕೊಂಡ ಅಂಬಿಗ, 2013ರ ಕಾಯಿದೆ ಬರುವವರೆಗೆ, ಭೂಸ್ವಾಧೀನದ ಯಾವ ಕಲಮಿನಲ್ಲಿಯೂ ಬರುತ್ತಿರಲಿಲ್ಲ.

ಎರಡನೆಯ ಪೆಟ್ಟು ನೀರಿಗೇ ಬಿದ್ದಿತು. ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ನೀಲಗಿರಿ ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾವಸ್ತು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ಆರಂಭವಾಯಿತು. ಕಾರ್ಖಾನೆಯ ಕೆಳಭಾಗದ ಹಳ್ಳಿಗಳಲ್ಲಿ ನೀರಿನ ಬಣ್ಣ, ವಾಸನೆ, ಮೀನಿನ ಸಾವು ಇವುಗಳ ಬಗೆಗೆ ದೂರುಗಳು ಎದ್ದು 1980ರ ದಶಕದಲ್ಲಿ ಚಳವಳಿಯ ರೂಪ ತಾಳಿದವು. ಎಸ್.ಆರ್. ಹಿರೇಮಠರ ನೇತೃತ್ವದ ಸಮಾಜ ಪರಿವರ್ತನ ಸಮುದಾಯ ಇದನ್ನು ಮುನ್ನಡೆಸಿತು. ಮುಂದೆ ಕಾರ್ಖಾನೆಗೆ ಬೇಕಾದ ನೀಲಗಿರಿಗಾಗಿ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡುವ ಯೋಜನೆ ಬಂದಾಗ ಹೋರಾಟ ನೆಲದತ್ತ ತಿರುಗಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಪರಿಸರ ಚಳವಳಿಗಳ ಇತಿಹಾಸದಲ್ಲಿ ಕುಸನೂರಿಗೆ ಸಲ್ಲಬೇಕಾದ ಸ್ಥಾನ ಸಂದಿದೆ. ಈ ಕಥನದಲ್ಲಿ ಆರಂಭದ ಅಧ್ಯಾಯವಾಗಿದ್ದ ಹೊಳೆ ಮತ್ತು ಮೀನುಗಾರ ಕ್ರಮೇಣ ಹಿಂದಕ್ಕೆ ಸರಿದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ಗೋಮಾಳಕ್ಕೆ ಗಡಿಕಲ್ಲಿತ್ತು, ಎಕರೆಯ ಲೆಕ್ಕವಿತ್ತು, ನ್ಯಾಯಾಲಯದ ಮುಂದಿಡಲು ನಕ್ಷೆಯಿತ್ತು. ಮಡುವಿಗೆ ಇದ್ದುದು ಹೆಸರು ಮಾತ್ರ.

ಮಡುಗಳ ಮಾತು ಬಂದುದರಿಂದ ಮರಳಿನ ವಿಷಯ ಹೇಳಬೇಕು. ಹೊಳೆಯ ಆಳವಾದ ತಾಣಗಳಿಗೆ, ಬಂಡೆಗಳಿಗೆ, ಸುಳಿಗಳಿಗೆ ಅಂಬಿಗರಲ್ಲಿ ಒಂದೊಂದು ಹೆಸರಿರುತ್ತದೆ. ದೇವತೆಯದೋ, ಮುಳುಗಿದವನದೋ, ನೆರಳು ಕೊಡುವ ಮರದ್ದೋ. ಈ ಹೆಸರುಗಳ ಸರಣಿಯೇ ಅವರ ನಕ್ಷೆ. ಯಾವ ಮಳೆಯಲ್ಲಿ ಎಲ್ಲಿ ದಾಟಬಹುದು, ಎಲ್ಲಿ ಮೀನು ತಂಗುತ್ತದೆ ಎಂಬುದೆಲ್ಲ ಅದರಲ್ಲಿ ಅಡಕವಾಗಿದೆ. ಕಟ್ಟಡಗಳ ಭರಾಟೆಯಲ್ಲಿ ತುಂಗಭದ್ರೆಯ ಮರಳಿಗೆ ಬೇಡಿಕೆ ಬಂದ ಮೇಲೆ ಯಂತ್ರಗಳು ಪಾತ್ರವನ್ನು ಅಗೆದು ಇಲ್ಲದಲ್ಲಿ ಗುಂಡಿಗಳನ್ನು ಮಾಡಿದವು, ಇದ್ದ ಮಡುಗಳನ್ನು ಕೆಡಿಸಿದವು. ತಾತನಿಂದ ಕಲಿತ ನಕ್ಷೆ ಮೊಮ್ಮಗನ ಕಾಲಕ್ಕೆ ಹೊಂದುವುದಿಲ್ಲ. ಹೊಳೆಯನ್ನು ಬಲ್ಲವರೆಂದು ಹೆಸರಾದವರ ಮಕ್ಕಳೇ ಹೊಸ ಗುಂಡಿಗಳಿಗೆ ಹೆದರುವಂತಾಗಿದೆ. ಮರಳು ತುಂಬುವ ಕೂಲಿಗೆ ಹೋದವರಲ್ಲಿಯೂ ದಡದ ಹುಡುಗರಿದ್ದಾರೆಂಬುದನ್ನು ಮರೆಮಾಚಬೇಕಿಲ್ಲ; ಬೇರೆ ದುಡಿಮೆ ಕೈಗೆ ಎಟುಕದ ಕಡೆ ಅದು ಆಶ್ಚರ್ಯವೂ ಅಲ್ಲ.

ನೀರಾವರಿ, ಕುಡಿಯುವ ನೀರಿನ ಯೋಜನೆಗಳಿಂದ ಹಾವೇರಿ, ರಾಣೆಬೆನ್ನೂರು ಪಟ್ಟಣಗಳಿಗೂ ಹೊಲಗಳಿಗೂ ಆದ ಪ್ರಯೋಜನ ದೊಡ್ಡದು, ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಮೀನಿನ ಹಕ್ಕಿನ ವಿಷಯ ಮಾತ್ರ ಹೇಳಬೇಕು. ಕರ್ನಾಟಕ ಒಳನಾಡು ಮೀನುಗಾರಿಕೆಗೆ ಸಂಬಂಧಿಸಿದ 1996ರ ಅಧಿನಿಯಮ ಬಂದ ಮೇಲೆ ಕೆರೆ, ನದಿಗಳ ಮೀನುಗಾರಿಕೆ ಪರವಾನಗಿ, ಗುತ್ತಿಗೆ, ಹರಾಜುಗಳ ಚೌಕಟ್ಟಿನೊಳಗೆ ನಡೆಯುತ್ತದೆ. ಸಹಕಾರ ಸಂಘ ಗಟ್ಟಿಯಿದ್ದ ಕಡೆ ಮೀನುಗಾರರಿಗೆ ಅನುಕೂಲವಾಗಿದೆ. ಸಂಘ ಕಾಗದದ ಮೇಲಷ್ಟೆ ಇದ್ದರೆ, ಹಣವಿದ್ದವನು ಗುತ್ತಿಗೆ ಹಿಡಿದು, ತಲೆಮಾರುಗಳಿಂದ ಅಲ್ಲಿ ಬಲೆ ಬೀಸಿದವನನ್ನೇ ಕೂಲಿಗೆ ಇಟ್ಟುಕೊಳ್ಳುವ ಅಪಾಯವಿದೆ.

ಇಷ್ಟಾದರೂ ಹೊಳೆ ಉಕ್ಕಿದಾಗ ಕರೆ ಹೋಗುವುದು ಅಂಬಿಗರ ಕೇರಿಗೇ. 2009ರ, 2019ರ ನೆರೆಗಳಲ್ಲಿ ಉತ್ತರ ಕರ್ನಾಟಕದ ನದಿತೀರಗಳು ಮುಳುಗಿದುದನ್ನು ನಾವು ಕಂಡಿದ್ದೇವೆ. ನಡುಗಡ್ಡೆಯಾದ ಮನೆಗಳಿಂದ ಜನರನ್ನು ಕರೆತರುವುದು, ಮುಳುಗಿದವರ ದೇಹವನ್ನು ಹುಡುಕುವುದು, ಯಾವ ಸುಳಿ ಎಲ್ಲಿ ಬಿಟ್ಟುಕೊಡುತ್ತದೆಂದು ಅಂದಾಜಿಸುವುದು ಅವರಿಗೆ ಬಲ್ಲ ವಿದ್ಯೆ. ಅದು ಹುದ್ದೆಯಲ್ಲ, ಅದಕ್ಕೆ ವೇತನವಿಲ್ಲ. ಹುಟ್ಟು ಹಿಡಿಯದ ತಲೆಮಾರು ಬಂದ ಮೇಲೆ ಆ ಕರೆಗೆ ಓಗೊಡುವವರು ಯಾರೆಂಬುದನ್ನು ಜಿಲ್ಲೆಯ ಆಡಳಿತ ಈಗಲೇ ಯೋಚಿಸುವುದು ಮೇಲು.

ನಕ್ಷೆಯ ಮೇಲೆ ಬರುವುದು

ಇಲ್ಲಿ ಕರಾವಳಿಯೊಡನೆ ಒಂದು ಹೋಲಿಕೆ ಪ್ರಯೋಜನಕಾರಿ. ಸಮುದ್ರತೀರಕ್ಕೆ 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿದೆ. 2011ರ ಪರಿಷ್ಕೃತ ಅಧಿಸೂಚನೆಯು ಮೀನುಗಾರರ ಹಳ್ಳಿಗಳನ್ನು, ಅವರ ಸಾಮುದಾಯಿಕ ಜಾಗಗಳನ್ನು, ಮೀನು ಒಣಗಿಸುವ ಕಟ್ಟೆಗಳನ್ನು ನಕ್ಷೆಯಲ್ಲಿ ಗುರುತಿಸಬೇಕೆಂದು ಹೇಳಿತು. ಅದರ ಪಾಲನೆ ಎಷ್ಟಾಗಿದೆಯೆಂಬ ವಾದ ಬೇರೆ. ವಾದಿಸಲು ಅಲ್ಲಿ ಒಂದು ಆಧಾರವಾದರೂ ಇದೆ. ಹೊನ್ನಾವರದ ಕಾಸರಕೋಡಿನ ಮೀನುಗಾರರು ಬಂದರು ಯೋಜನೆಯನ್ನು ಪ್ರಶ್ನಿಸಿದಾಗ ತಮ್ಮ ಒಣಮೀನಿನ ಜಾಗವನ್ನು ಕೈಮಾಡಿ ತೋರಿಸಿ ಮಾತಾಡಬಲ್ಲವರಾದರು. ನದಿದಡದ ಮೀನುಗಾರನಿಗೆ ಇಂತಹ ಆಧಾರ ಒದಗಿಲ್ಲ.

ಅದನ್ನು ಒದಗಿಸುವಲ್ಲಿ ಜಾನಪದ ಅಧ್ಯಯನಕ್ಕೆ ಸ್ಪಷ್ಟವಾದ ಪಾತ್ರವಿದೆ. ಇದೇ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ದಡದ ಊರುಗಳು ಅಲ್ಲಿಂದ ಒಂದು ದಿನದ ಓಡಾಟದೊಳಗಿವೆ. ಹಾಡು, ಕಥೆಗಳ ಸಂಗ್ರಹ ಒಂದು ಹಂತಕ್ಕೆ ಆಗಿದೆ. ಆಗದೆ ಉಳಿದುದು ಮುದೇನೂರಿನಿಂದ ಗಳಗನಾಥದವರೆಗಿನ ಹೊಳೆಯ ಉದ್ದಕ್ಕೂ ಮಡು, ಬಂಡೆ, ದಾಟುವ ಜಾಗಗಳ ಹೆಸರುಗಳನ್ನು ಎರಡೂ ದಡದವರಿಂದ ಕೇಳಿ, ಸ್ಥಳದಲ್ಲಿಯೇ ಗುರುತಿಸಿ, ಯಾವ ಮನೆತನ ಎಲ್ಲಿ ಬಲೆ ಬೀಸುತ್ತಿತ್ತು, ಯಾವ ಊರು ದಾಟಿಸಿದ್ದಕ್ಕೆ ಎಷ್ಟು ಕಾಳು ಕೊಡುತ್ತಿತ್ತು ಎಂಬ ವಾಡಿಕೆಯೊಡನೆ ಬರೆದಿಡುವ ಕೆಲಸ. ಹುಟ್ಟು ಹಿಡಿದು ಹೊಳೆಯನ್ನು ಬಲ್ಲ ಹಿರಿಯರು ಈಗ ಊರಿಗೆ ಕೆಲವರೇ ಉಳಿದಿದ್ದಾರೆ. ಈ ಕೆಲಸವನ್ನು ಬೇಸಿಗೆಯಲ್ಲಿ, ನೀರು ಇಳಿದು ಬಂಡೆಗಳು ಎದ್ದು ಕಾಣುವ ಚೈತ್ರ ವೈಶಾಖಗಳಲ್ಲಿ ಕೈಗೊಂಡರೆ ಅವರು ನಡೆದುಬಂದು ತೋರಿಸಬಲ್ಲರು.